ಸ್ಕ್ಯಾನಿನ ಕಪ್ಪೆಲ್ಲ ಕ್ಯಾನ್ಸರ್ ಅಲ್ಲ

"ಎಲುಬಿಗೆಲ್ಲಾ ಹಬ್ಬೇತಂತ್ರಿ, ಇನ್ನೇನೂ ಮಾಡಾಕ ಬರಂಗಿಲ್ಲ" ಎಂದು ರಿಪೋರ್ಟ್ ಹಿಡಿದು ಊರಿಗೆ ವಾಪಸ್ ಬಂದುಬಿಡುವವರು ಇದ್ದಾರೆ. ಇನ್ನು ಕೆಲವರು ಹೊಲ ಮಾರಲು ನಿಲ್ಲುತ್ತಾರೆ. ಅದಕ್ಕೂ ಮೊದಲು ಬೋನ್ ಸ್ಕ್ಯಾನ್ ಅಂದರೇನು ಎಂಬುದನ್ನು ತಿಳಿದುಕೊಳ್ಳಬೇಕು.

ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಬೆರೆಸಿದ ಔಷಧಿಯನ್ನು ನರಕ್ಕೆ ಕೊಟ್ಟು, ಎರಡು-ಮೂರು ತಾಸು ಬಿಟ್ಟು ಕ್ಯಾಮೆರಾದ ಕೆಳಗೆ ಮಲಗಿಸುತ್ತಾರೆ. ಭಯ ಬೇಡ, ಅದರ ವಿಕಿರಣ ಪ್ರತಿ 6 ತಾಸಿಗೆ ಅರ್ಧದಷ್ಟು ಇಳಿಯುತ್ತದೆ. ಎಲುಬು ಎಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿ ಔಷಧಿ ಹೆಚ್ಚು ಸೇರಿ, ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಯಾಕೆ ಕಟ್ಟಿಕೊಳ್ಳುತ್ತಿದೆ ಎಂಬುದನ್ನು ಮಾತ್ರ ಯಂತ್ರ ಹೇಳುವುದಿಲ್ಲ. ಬಂಡಿಯಿಂದ ಬಿದ್ದು ಪಕ್ಕೆಲುಬು ಬಿರುಕು ಬಿಟ್ಟಿದ್ದರೂ ಕಪ್ಪು, ಮೊಣಕಾಲು ಸವೆದಿದ್ದರೂ ಕಪ್ಪು. ಬಟ್ಟೆಗೆ ಮೂತ್ರದ ಹನಿ ತಾಗಿದರೂ ಒಂದು ಚುಕ್ಕೆ ಬೀಳುತ್ತದೆ!

ನಮ್ಮ ಭಾಗದವರು ನೆನಪಿಡಬೇಕಾದ ಇನ್ನೊಂದು ಕಾರಣ ಫ್ಲೋರೈಡ್. ಮುಕ್ಕುಂದದಿಂದ ಮಸ್ಕಿ, ಲಿಂಗಸುಗೂರಿನವರೆಗೆ ಕೆಲವು ಊರುಗಳಲ್ಲಿ ನದಿ, ಕಾಲುವೆಯ ನೀರು, ಕೆಲವು ಕಡೆ ಬೋರ್ ನೀರು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು; ಕಾಯಿಸಿದರೆ ಅದು ಹೋಗುವುದೂ ಇಲ್ಲ. ವರ್ಷಾನುಗಟ್ಟಲೆ ಅಂಥ ನೀರು ಕುಡಿದವರ ಎಲುಬು ದಪ್ಪವಾಗುತ್ತದೆ, ಬೆನ್ನು ಬಾಗದಂತಾಗುತ್ತದೆ. ಸ್ಕ್ಯಾನ್ ಮಾಡಿದರೆ ಇಡೀ ಅಸ್ಥಿಪಂಜರವೇ ಕಪ್ಪಾಗಿ ಕಾಣಬಹುದು. ಇದನ್ನು 'ಸೂಪರ್ ಸ್ಕ್ಯಾನ್' ಎನ್ನುತ್ತಾರೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಲುಬಿಗೆ ಹಬ್ಬಿದಾಗಲೂ ಹೀಗೇ ಕಾಣುತ್ತದೆ. ಎರಡೂ ವಯಸ್ಸಾದವರಲ್ಲೇ ಹೆಚ್ಚು, ಎರಡರಲ್ಲೂ ಸೊಂಟನೋವು. ಗೊಂದಲ ಆಗದೆ ಇರುತ್ತದೆಯೇ?

ಬಿಡಿಸಿಕೊಳ್ಳಲು ದಾರಿಯಿದೆ. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಗಟ್ಟಿಯಾಗಿದ್ದರೆ ಅದು ಫ್ಲೋರೋಸಿಸ್‌ನ ದೊಡ್ಡ ಗುರುತು. ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಬಹುದು. ಪ್ರಾಸ್ಟೇಟ್ ಸಂಶಯವಿದ್ದರೆ ರಕ್ತದಲ್ಲಿ ಪಿಎಸ್‌ಎ ಪರೀಕ್ಷೆ. ಆದರೆ ಫ್ಲೋರೋಸಿಸ್ ಇದ್ದವರಿಗೆ ಕ್ಯಾನ್ಸರ್ ಬರುವುದಿಲ್ಲ ಅಂತೇನೂ ಇಲ್ಲ. ಸಂಶಯ ಉಳಿದರೆ ಬಯಾಪ್ಸಿಗೆ ಒಪ್ಪಿಕೊಳ್ಳಿ. "ಸೂಜಿ ಹಾಕಿದರೆ ರೋಗ ಹಬ್ಬುತ್ತದೆ" ಎಂದು ಹೆದರಿ ಪರೀಕ್ಷೆ ತಪ್ಪಿಸಬೇಡಿ.

ಪೆಟ್ ಸ್ಕ್ಯಾನಿನದೂ ಇದೇ ಕಥೆ. ಅಲ್ಲಿ ಕೊಡುವುದು ಸಕ್ಕರೆಯಂಥ ಔಷಧಿ. ಕ್ಯಾನ್ಸರ್ ಗಡ್ಡೆ ಅದನ್ನು ಎಳೆದುಕೊಳ್ಳುವಂತೆ ಟಿಬಿ ಗಂಟೂ ಎಳೆದುಕೊಳ್ಳುತ್ತದೆ. ಟಿಬಿಗೆ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಬೆಂಗಳೂರಿನ ಕಿದ್ವಾಯಿಗೋ ಹೈದರಾಬಾದಿಗೋ ಹೋಗುವಾಗ ಹಳೆಯ ಎಕ್ಸ್‌ರೇಗಳನ್ನು ಒಯ್ಯಿರಿ. ಎಂದೋ ಬಿದ್ದದ್ದು, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದು, ಎಷ್ಟು ವರ್ಷ ಬೋರ್ ನೀರು ಕುಡಿದಿದ್ದೀರಿ ಎಂಬುದು, ಇಷ್ಟನ್ನೂ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ದೊಡ್ಡ ಊರಿನ ಡಾಕ್ಟರಿಗೆ ನಿಮ್ಮೂರಿನ ನೀರಿನ ವಿಷಯ ಗೊತ್ತಿರಲಿಕ್ಕಿಲ್ಲ.