ವಿದ್ಯಾಲಯದ ವಾಣಿ

ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ ಬೋಧಿಸುವವರೂ ಸಂಶೋಧಿಸುವವರೂ ಇರುವಂತೆಯೇ, ಅಲ್ಲಿನ ಸಂಗತಿಗಳನ್ನು ಹೊರಗಿನವರಿಗೆ ತಿಳಿಸುವವರೂ ಇರುತ್ತಾರೆ. ಇವರದೇ ಪ್ರಚಾರ ವಿಭಾಗ. ಯಾವ ವಿಷಯಗಳನ್ನು ಕಲಿಯಬಹುದು, ಶುಲ್ಕವೆಷ್ಟು, ವಿದ್ಯಾರ್ಥಿವೇತನ ಯಾರಿಗೆ ದೊರೆಯುತ್ತದೆ ಎಂಬುದನ್ನು ಇವರು ಪುಸ್ತಿಕೆ, ಪತ್ರಿಕೆ, ಅಂತರಜಾಲಗಳ ಮೂಲಕ ಸಾರುತ್ತಾರೆ. ವಿದ್ವಾಂಸರ ಸಂಶೋಧನೆಯನ್ನು ಜನಸಾಮಾನ್ಯರಿಗೆ ತಿಳಿಯುವಂತೆ ವಿವರಿಸುವುದೂ ಇವರ ಹೊಣೆಯೇ.

ಈ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವೆಂಬ ಪತ್ರಿಕೆಯನ್ನು ಹೊರಡಿಸಿತು. ಮುಂದೆ ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡಿದರು. ಆ ಉಪನ್ಯಾಸಗಳು ಸುಲಭ ಬೆಲೆಯ ಕಿರುಹೊತ್ತಗೆಗಳಾಗಿಯೂ ಪ್ರಕಟವಾದವು. ಅವರು ವಿದ್ಯಾಲಯವನ್ನು ಹೊಗಳುತ್ತ ಕೂರಲಿಲ್ಲ. ಅದರ ವಿದ್ಯೆಯನ್ನೇ ಜನರಿಗೆ ಹಂಚಿದರು.

ಪ್ರಚಾರದಲ್ಲಿ ಅಪಾಯವೂ ಉಂಟು. ವಿದ್ಯಾಲಯವು ತನಗಿಲ್ಲದ ಹಿರಿಮೆಯನ್ನು ಸಾರಿಕೊಂಡರೆ, ಅದನ್ನು ನಂಬಿ ಬಂದ ಬಡ ವಿದ್ಯಾರ್ಥಿಯು ತಂದೆತಾಯಿಗಳು ಕೂಡಿಟ್ಟ ಹಣವನ್ನು ಕಳೆದುಕೊಳ್ಳುತ್ತಾನೆ. ಕಳೆದ ವರ್ಷಗಳಂತೂ ಮರಳಿ ಬಾರವು. ಆದುದರಿಂದ ತನ್ನಲ್ಲಿರುವುದನ್ನು ಇರುವಂತೆಯೇ ಹೇಳುವುದು ವಿದ್ಯಾಲಯದ ಧರ್ಮ; ಹೇಳಿದ್ದನ್ನು ವಿಚಾರಿಸಿ ನೋಡುವುದು ಅಲ್ಲಿಗೆ ಸೇರಬಯಸುವ ನಿಮ್ಮ ಕರ್ತವ್ಯ.