ಗೇರ್ ಲಿವರ್ ಗಿಡ್ಡವಾದರೆ ಸಾಕೆ?

ಯಂತ್ರಗಳ ಲೋಕದಲ್ಲಿ ವೇಗಕ್ಕೆ ಸೋತ ವಸ್ತು ಮೂಲೆ ಸೇರುವುದು ವಾಡಿಕೆ. ಕೈಯಿಂದ ಹಾಕುವ ಗೇರ್ ಮಾತ್ರ ಸೋತ ಮೇಲೂ ಉಳಿದುಕೊಂಡಿದೆ. ಎರಡು ಕ್ಲಚ್‌ಗಳ ಸ್ವಯಂಚಾಲಿತ ಗೇರ್‌ಬಾಕ್ಸ್, ಎಂಥ ನಿಪುಣ ಚಾಲಕನ ಕೈಗಿಂತಲೂ ಬೇಗ ಗೇರ್ ಬದಲಿಸಬಲ್ಲದು. ಈ ತರ್ಕವನ್ನು ನಂಬಿಯೇ ಪೋರ್ಷೆ ಕಂಪನಿ 2013ರಲ್ಲಿ ತನ್ನ 911 ಜಿಟಿ3 ಕಾರನ್ನು ಕೈಗೇರ್ ಇಲ್ಲದೆ ಹೊರತಂದಿತು. ಅಭಿಮಾನಿಗಳು ಮುನಿದರು. 2016ರ 911 ಆರ್ ಮಾದರಿಯಲ್ಲಿ ಆರು ಗೇರ್‌ಗಳ ಲಿವರ್ ಮರಳಿತು. 2017ರಲ್ಲಿ ಜಿಟಿ3ಗೂ ಅದು ಆಯ್ಕೆಯಾಗಿ ಬಂದಿತು. ಗಡಿಯಾರಕ್ಕೆ ಬೇಡವಾದ ಏನೋ ಒಂದು ಮನುಷ್ಯನ ಅಂಗೈಗೆ ಬೇಕಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಅಂಗೈಯ ಈ ಆಸೆಯೇ ಈಗ ಒಂದು ಮಾರುಕಟ್ಟೆ. ಸ್ಪೋರ್ಟ್ಸ್ ಕಾರಿನ ಒಡೆಯರು ಕಂಪನಿ ಕೊಟ್ಟ ಲಿವರ್ ಕಳಚಿ ‘ಶಾರ್ಟ್ ಥ್ರೋ ಶಿಫ್ಟರ್’ ಎಂಬ ಬಿಡಿಭಾಗವನ್ನು ಹೊರಗಿನಿಂದ ತಂದು ಹಾಕಿಸುತ್ತಾರೆ. ಒಂದು ಗೇರಿನಿಂದ ಇನ್ನೊಂದಕ್ಕೆ ಕೈ ಚಲಿಸಬೇಕಾದ ದೂರವನ್ನು ತಗ್ಗಿಸುವುದಷ್ಟೇ ಇದರ ಕೆಲಸ. ಜಾಹೀರಾತುಗಳು ಈ ಇಳಿಕೆಯನ್ನು ಶೇಕಡಾವಾರು ಲೆಕ್ಕದಲ್ಲಿ ಸಾರುತ್ತವೆ. ಅಂಕಿ ದೊಡ್ಡದಾದಷ್ಟೂ ಮಾಲು ಉತ್ತಮ ಎಂಬುದು ಕೊಳ್ಳುವವರ ನಂಬಿಕೆ. ನನ್ನ ತಕರಾರು ಇರುವುದು ಇಲ್ಲಿಯೇ.

ಗೇರ್ ಲಿವರ್ ಎಂಬುದು ಶಾಲೆಯಲ್ಲಿ ನಾವೆಲ್ಲ ಓದಿದ ಸನ್ನೆಗೋಲು. ಬಂಡೆ ಎಬ್ಬಿಸುವವನು ಹಾರೆಯನ್ನು ಬುಡದಲ್ಲಿ ಹಿಡಿಯುವುದಿಲ್ಲ, ತುದಿಯಲ್ಲಿ ಹಿಡಿಯುತ್ತಾನೆ. ಲೆಕ್ಕದ ಅನುಕೂಲಕ್ಕಾಗಿ, ಆಧಾರಬಿಂದುವಿನ ಮೇಲೆ 20 ಸೆಂಟಿಮೀಟರ್, ಕೆಳಗೆ 4 ಸೆಂಟಿಮೀಟರ್ ಉದ್ದದ ಲಿವರ್ ಇದೆ ಎಂದುಕೊಳ್ಳೋಣ. ಕೈ 10 ಸೆಂಟಿಮೀಟರ್ ಸರಿದರೆ ಕೆಳತುದಿ 2 ಸೆಂಟಿಮೀಟರ್ ಸರಿಯುತ್ತದೆ. ಕೆಳಭಾಗವನ್ನು 5 ಸೆಂಟಿಮೀಟರ್‌ಗೆ ಬೆಳೆಸಿದರೆ ಅಷ್ಟೇ ಕೆಲಸಕ್ಕೆ ಕೈ 8 ಸೆಂಟಿಮೀಟರ್ ಸರಿದರೆ ಸಾಕು. ಅಂದರೆ ಶೇ 20ರಷ್ಟು ಉಳಿತಾಯ. ಆದರೆ ಹಾಕಬೇಕಾದ ಬಲ ಶೇ 25ರಷ್ಟು ಹೆಚ್ಚುತ್ತದೆ. ದೂರವನ್ನು ಅರ್ಧಕ್ಕಿಳಿಸಿದರೆ ಬಲ ಇಮ್ಮಡಿಯಾಗುತ್ತದೆ. ಈ ಎರಡನೆಯ ಅಂಕಿಯನ್ನು ಯಾವ ಮಾರಾಟಗಾರನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದಿಲ್ಲ.

ಹೆಚ್ಚಿದ ಬಲ ಹೋಗುವುದಾದರೂ ಎಲ್ಲಿಗೆ? 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದ ಸಿಂಕ್ರೊಮೆಶ್ ವ್ಯವಸ್ಥೆ, ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಘರ್ಷಣೆಯಿಂದ ಸಮವೇಗಕ್ಕೆ ತಂದು, ಆಮೇಲಷ್ಟೇ ಹಲ್ಲುಗಳನ್ನು ಕೂಡಿಸುತ್ತದೆ. ಆ ಕೆಲಸ ಮಾಡುವ ಉಂಗುರಗಳು ತಮ್ಮ ಪಾಲಿನ ಕ್ಷಣವನ್ನು ಕೇಳಿಯೇ ಕೇಳುತ್ತವೆ. ಲಿವರ್ ಗಿಡ್ಡವಾಯಿತೆಂದು ಅವು ಅವಸರಪಡುವುದಿಲ್ಲ. ಆ ಕ್ಷಣವನ್ನು ಕೊಡದೆ ತುರುಕಿದರೆ ಸವೆಯುವುದು ಅವೇ. ಉಂಗುರ ಸವೆದರೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ಆ ಖರ್ಚಿನ ಮುಂದೆ ಲಿವರಿನ ಬೆಲೆ ಏನೇನೂ ಅಲ್ಲ.

ಯಂತ್ರಶಾಸ್ತ್ರ ಕಲಿಸಿ ನಿವೃತ್ತನಾದ ನನ್ನನ್ನು ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮಗ ಕಳೆದ ವರ್ಷ ಇದೇ ವಿಷಯವಾಗಿ ಕೇಳಿದ. ಅವನಲ್ಲಿರುವುದು ತೊಂಬತ್ತರ ದಶಕದ ಮಜ್ದಾ ಎಂಎಕ್ಸ್-5. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಜಗತ್ತಿಗೆ ಮುಖ ತೋರಿಸಿ, 2016ರ ಹೊತ್ತಿಗೆ ಹತ್ತು ಲಕ್ಷದ ಗಡಿ ಮುಟ್ಟಿದ ಪುಟ್ಟ ಕಾರು ಅದು. ಸವಾರ ಮತ್ತು ಕುದುರೆ ಒಂದಾಗಬೇಕೆಂಬುದು ಅದರ ಜಪಾನಿ ನಿರ್ಮಾತೃಗಳ ಆದರ್ಶ. ‘ಚಿಕ್ಕಪ್ಪ, ಲಿವರ್ ಗಂಜಿಯಲ್ಲಿ ಆಡಿಸಿದ ಸೌಟಿನಂತಿದೆ. ಯಾವ ಶಿಫ್ಟರ್ ಹಾಕಿಸಲಿ?’ ಎಂದ. ಮೊದಲು ಇರುವುದನ್ನು ಬಿಚ್ಚಿ ನೋಡು ಎಂದೆ. ಆ ಕಾರಿನಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲೆಯೇ ಕೂರುತ್ತದೆ. ಅದರ ಕೆಳತುದಿಗೆ ಚಿಕ್ಕದೊಂದು ನೈಲಾನ್ ಬುಷ್, ಸುತ್ತ ರಬ್ಬರಿನ ಮುಸುಕು, ಐದು ಗೇರಿನ ಮಾದರಿಯಲ್ಲಾದರೆ ಲಿವರಿನ ಬುಡದ ಗೂಡಿಗೇ ಪ್ರತ್ಯೇಕವಾಗಿ ಸ್ವಲ್ಪ ಎಣ್ಣೆ. ಬುಷ್ ಸವೆದಿತ್ತು, ರಬ್ಬರ್ ಹರಿದಿತ್ತು, ಎಣ್ಣೆ ಬತ್ತಿತ್ತು. ಮೂರನ್ನೂ ಸರಿಪಡಿಸಿದ ಮೇಲೆ ಸೌಟಿನ ದೂರು ಅಡಗಿತು. ಹೊಸ ಲಿವರಿನ ಆಸೆ ಉಳಿಯಿತಾದರೂ ಅವಸರ ಉಳಿಯಲಿಲ್ಲ. ಬುಷ್ ಸವೆದದ್ದಕ್ಕೆ ಲಿವರ್ ಬದಲಿಸುವುದೆಂದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇಷ್ಟಾದ ಮೇಲೂ ಬೇಕೆನಿಸಿದರೆ ಆರಿಸುವ ಕ್ರಮವೊಂದಿದೆ. ಮೇಲಿನ ಕೋಲನ್ನಷ್ಟೇ ಕತ್ತರಿಸಿದಂತಿರುವ ಅಗ್ಗದ ಮಾಲಿನಲ್ಲಿ ಹಿಡಿ ಕೆಳಗಿಳಿದು ಕೈ ತಡಕಾಡುತ್ತದೆ. ಆಧಾರಬಿಂದುವನ್ನೇ ಮೇಲಕ್ಕೆತ್ತಿ, ಹಿಡಿಯ ಎತ್ತರವನ್ನು ಉಳಿಸಿಕೊಂಡದ್ದು ಲೇಸು. ರಬ್ಬರ್ ತೆಗೆದು ಬರೀ ಲೋಹ ಜೋಡಿಸಿದ್ದರಲ್ಲಿ ಖಚಿತತೆ ಹೆಚ್ಚು, ಜೊತೆಗೆ ಗೇರ್‌ಬಾಕ್ಸಿನ ಗದ್ದಲ, ನಡುಕಗಳೂ ಅಂಗೈ ಸೇರುತ್ತವೆ. ಅಡ್ಡ ಎಂಜಿನ್ನಿನ ಮುಂಚಾಲನೆಯ ಕಾರುಗಳಲ್ಲಿ ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಸಾಮಾನ್ಯವಾಗಿ ಕೇಬಲ್‌ಗಳಿರುತ್ತವೆ. ಅಲ್ಲಿ ಸಡಿಲವಾದ ಕೇಬಲ್ ಬುಷ್‌ಗಳನ್ನು ಬಿಟ್ಟು ಲಿವರನ್ನಷ್ಟೇ ಬದಲಿಸಿ ಫಲವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಡ್ಡಡ್ಡ ಚಲನೆಯೂ ಕಿರಿದಾದಾಗ ಪಕ್ಕದ ಗೇರ್ ತೀರಾ ಹತ್ತಿರವಾಗುತ್ತದೆ. ಮೂರರಿಂದ ನಾಲ್ಕಕ್ಕೆ ಹೋಗಬೇಕಾದ ಕೈ ಅತಿವೇಗದಲ್ಲಿ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸುತ್ತವೆ. ಒಂದೇ ಕ್ಷಣದಲ್ಲಿ ಎಂಜಿನ್ ಹಾಳಾಗಬಹುದು, ಹಿಂಚಕ್ರಗಳು ಹಿಡಿತ ತಪ್ಪಬಹುದು. ಆದ್ದರಿಂದ ಸಾಧಾರಣ ಇಳಿಕೆಯೇ ವಿವೇಕ.

ಕಾನೂನಿನ ಮಾತೂ ಇದೆ. ಅಮೆರಿಕದ 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆಯಿಂದಾಗಿ, ಹೊರಗಿನ ಬಿಡಿಭಾಗ ಹಾಕಿದ ಮಾತ್ರಕ್ಕೆ ಕಂಪನಿ ಇಡೀ ವಾರಂಟಿಯನ್ನು ಕೈಬಿಡುವಂತಿಲ್ಲ. ಆ ಭಾಗದಿಂದಲೇ ಹಾನಿಯಾದರೆ ಮಾತು ಬೇರೆ. ನಮ್ಮಲ್ಲಿ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಗೇರ್ ಲಿವರ್ ನೋಂದಣಿ ಪತ್ರದಲ್ಲಿ ಕಾಣುವ ವಸ್ತುವಲ್ಲ. ಹಾಗಿದ್ದರೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿಯೇ ಕೈಹಾಕುವುದು ಜಾಣತನ.

ವಿದ್ಯುತ್ ಕಾರುಗಳು ಹೆಚ್ಚಿದಂತೆ ಗೇರ್ ಬದಲಿಸುವ ಕೈಗಳು ಕಡಿಮೆಯಾಗುತ್ತಿವೆ. ಉಳಿದವರು ಅದರ ಸುಖವನ್ನು ಅನುಭವಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಸುಖ ಇರುವುದು ಲಿವರಿನ ಗಿಡ್ಡತನದಲ್ಲಲ್ಲ, ಒಳಗಿನ ಉಂಗುರಗಳ ಲಯಕ್ಕೆ ಅಂಗೈ ಹೊಂದಿಕೊಳ್ಳುವುದರಲ್ಲಿ. ಅಂಗಡಿಯಲ್ಲಿ ಸಿಗುವುದು ಲಿವರ್ ಮಾತ್ರ; ಲಯವನ್ನು ಕೈಯೇ ಕಲಿಯಬೇಕು.