ಯಾತ್ಸುಹಾಶಿ: ಒಂದು ಸಿಹಿತಿನಿಸು, ಒಂದು ಪ್ರತೀತಿ, ಒಂದು ವ್ಯಾಜ್ಯ

ಮನೆತನವಾಗಲಿ, ಅಂಗಡಿಯಾಗಲಿ, ತನ್ನ ಹಳಮೆಯನ್ನು ಹೇಳಿಕೊಳ್ಳುವಾಗ ದನಿಯಲ್ಲಿ ತುಸು ಹೆಮ್ಮೆ ಬೆರೆಯುವುದು ಸಹಜ. ಆ ಹೆಮ್ಮೆಗೆ ಆಧಾರವೇನೆಂದು ಯಾರಾದರೂ ಕೇಳಿದರೆ ಏನಾಗುತ್ತದೆ? ಜಪಾನಿನ ಒಂದು ಸಿಹಿತಿನಿಸಿನ ವೃತ್ತಾಂತವನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡಬಯಸುತ್ತೇವೆ.

ಕ್ಯೋಟೋ ಜಪಾನಿನ ಪುರಾತನ ರಾಜಧಾನಿ. ಕ್ರಿ.ಶ. 794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಅದು ಸಾಮ್ರಾಟರ ಪೀಠವಾಗಿತ್ತು. ಆ ನಗರಕ್ಕೆ ಹೋದವರು ಬಂಧುಮಿತ್ರರಿಗೆಂದು ಕೊಂಡು ತರುವ ತಿನಿಸುಗಳಲ್ಲಿ ಯಾತ್ಸುಹಾಶಿ ಎಂಬ ಬಿಸ್ಕತ್ತು ಪ್ರಸಿದ್ಧವಾದುದು. ಅಕ್ಕಿಹಿಟ್ಟು, ಸಕ್ಕರೆ, ದಾಲ್ಚಿನ್ನಿ ಇವು ಅದರ ಮುಖ್ಯ ಪದಾರ್ಥಗಳು. ಹಬೆಯಲ್ಲಿ ಬೆಂದ ಹಿಟ್ಟನ್ನು ನಾದಿ, ತೆಳ್ಳಗೆ ಲಟ್ಟಿಸಿ, ನೀಳವಾಗಿ ಕತ್ತರಿಸಿ, ಕಮಾನಿನಂತೆ ಬಾಗಿಸಿ ಗರಿಗರಿಯಾಗಿ ಸುಡುತ್ತಾರೆ. ಸುಡದೆ ಮೆತ್ತಗೆ ಉಳಿಸಿ, ಕೆಂಪು ಕಾಳಿನ ಸಿಹಿ ಹೂರಣವನ್ನಿಟ್ಟು ಮುಕ್ಕೋನವಾಗಿ ಮಡಿಚಿದ ಬಗೆಯೂ ಉಂಟು. ಅದು 1960ರ ದಶಕದಿಂದೀಚೆಗೆ ಬಳಕೆಗೆ ಬಂದದ್ದಾದರೂ ಇಂದು ಅದಕ್ಕೇ ಹೆಚ್ಚು ಮನ್ನಣೆ.

ಇದರ ಹೆಸರಿನ ಹಿಂದೆ ಒಬ್ಬ ಕಲಾವಿದನಿದ್ದಾನೆಂಬುದು ಪ್ರತೀತಿ. ಯಾತ್ಸುಹಾಶಿ ಕೆಂಗ್ಯೋ (1614–1685) ಅಂಧ ಸಂಗೀತಗಾರ. ಹದಿಮೂರು ತಂತಿಗಳ ಕೋಟೋ ವಾದ್ಯಕ್ಕೆ ಹೊಸ ಶ್ರುತಿಕ್ರಮವನ್ನು ತಂದುಕೊಟ್ಟ ಮಹನೀಯ. 'ಕೆಂಗ್ಯೋ' ಎಂಬುದು ಅಂಧ ಕಲಾವಿದರ ಸಂಘದಲ್ಲಿ ಅತ್ಯುನ್ನತ ಪದವಿ. ಅವನ ಸಮಾಧಿಗೆ ಬರುತ್ತಿದ್ದ ಭಕ್ತಾಭಿಮಾನಿಗಳಿಗಾಗಿ ಕೋಟೋದ ಆಕಾರದ ಬಿಸ್ಕತ್ತನ್ನು ಮಾಡಿ ಮಾರತೊಡಗಿದರೆಂದು ಹೇಳುತ್ತಾರೆ. ಎಂಟು ಹಲಗೆಗಳ ಸೇತುವೆಯೊಂದರಿಂದ ಈ ಹೆಸರು ಬಂದಿತೆಂಬ ಮತವೂ ಇದೆ.

ಶೋಗೋಇನ್ ಯಾತ್ಸುಹಾಶಿ ಎಂಬ ಅಂಗಡಿಯವರು ತಮ್ಮ ಆರಂಭವನ್ನು 1689 ಎಂದು, ಅಂದರೆ ಕಲಾವಿದ ಕಾಲವಾದ ನಾಲ್ಕು ವರ್ಷಕ್ಕೆಂದು ಹೇಳುತ್ತಾರೆ. 1805ನ್ನು ತನ್ನ ಆರಂಭವೆಂದು ಹೇಳುವ ಇಜುತ್ಸು ಯಾತ್ಸುಹಾಶಿ ಸಂಸ್ಥೆ ಇದನ್ನು ಒಪ್ಪಲಿಲ್ಲ. 1689ಕ್ಕೆ ಆಧಾರವಿಲ್ಲವೆಂದು ವಾದಿಸಿ 2018ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಕ್ಯೋಟೋ ಜಿಲ್ಲಾ ನ್ಯಾಯಾಲಯ 2020ರಲ್ಲಿ ಆ ದಾವೆಯನ್ನು ವಜಾ ಮಾಡಿತು. ಸ್ಥಾಪನೆಯ ವರ್ಷವು ಗ್ರಾಹಕನ ಆಯ್ಕೆಯನ್ನು ನಿರ್ಧರಿಸುವಂತಹದಲ್ಲ ಎಂಬುದು ಅದರ ನಿಲುವು. 2021ರಲ್ಲಿ ಒಸಾಕಾ ಉಚ್ಚ ನ್ಯಾಯಾಲಯವೂ ಮೇಲ್ಮನವಿಯನ್ನು ತಳ್ಳಿಹಾಕಿತು.

ನ್ಯಾಯಾಲಯ ವಿಚಾರಿಸಿದ್ದು ವ್ಯಾಪಾರದ ನ್ಯಾಯವನ್ನು. ಚರಿತ್ರೆಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲವೆಂದು ನಾವು ಭಾವಿಸುತ್ತೇವೆ. ತಲೆಮಾರುಗಳು ನೆನಪಿನಲ್ಲಿ ಕಾಪಾಡಿದ ಮಾತಿಗೆ ಬರಹದ ಆಧಾರ ಸಿಕ್ಕದಿದ್ದ ಮಾತ್ರಕ್ಕೆ ಅದು ಸುಳ್ಳಾಗದು. ಹಲವರು ಹೇಳುತ್ತಾ ಬಂದ ಮಾತ್ರಕ್ಕೆ ಅದು ದಾಖಲೆಯೂ ಆಗದು. ಪ್ರತೀತಿಯನ್ನು ಪ್ರತೀತಿಯೆಂದೇ ಹೇಳುವುದು ಪ್ರಾಮಾಣಿಕತೆ. ಹಾಗೆ ಹೇಳಿದರೆ ಅದರ ಸೊಗಸೇನೂ ಕುಂದುವುದಿಲ್ಲ.

ತಮ್ಮ ಮನೆತನದ ಹಿರಿಮೆಯನ್ನು ಮಕ್ಕಳಿಗೆ ಹೇಳುವ ಹಿರಿಯರು ಈ ವಿವೇಕವನ್ನು ಗಮನಿಸಬೇಕು. ಕೇಳಿದ್ದು ಯಾವುದು, ಬರೆದಿಟ್ಟದ್ದು ಯಾವುದು ಎಂದು ಬೇರ್ಪಡಿಸಿ ಹೇಳಿದರೆ ಮಕ್ಕಳು ಎರಡನ್ನೂ ಗೌರವಿಸುವುದನ್ನು ಕಲಿಯುತ್ತಾರೆ. ಮುನ್ನೂರು ವರ್ಷವೋ ಇನ್ನೂರು ವರ್ಷವೋ, ಅಕ್ಕಿಹಿಟ್ಟನ್ನು ಹದವಾಗಿ ನಾದುವ ಕೈ ಮಾತ್ರ ಪ್ರತಿದಿನವೂ ಹೊಸದಾಗಿ ದುಡಿಯಲೇಬೇಕು. ಹಳಮೆ ಹಿರಿಯರು ಕೊಟ್ಟದ್ದು, ರುಚಿ ಇಂದಿನವರು ಗಳಿಸಬೇಕಾದದ್ದು.